ಅಮ್ಮ ತೊಳೆದ ಹಂಚುಗಳು

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಸೀಟಿ ಊದಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದರಲ್ಲೇ ನನ್ನ ಆಯುಷ್ಯದ ಅರ್ಧ ಕಳೆಯಿತು. ಹಾಗಾಗಿ ಮೆಲ್ಲಗೆ ಮಾತಾಡುವುದು ನನ್ನಿಂದಾಗದ ಕೆಲಸ. ಅದರಲ್ಲೂ ನಮ್ಮ ಚರ್ಚಿನ ಹಂಚಿನ ಮಾಡಿನ, ಅಂದರೆ ಛಾವಣಿಯ, ಕತೆ ಹೇಳಲು ಕೂತರೆ, ಕೂತಲ್ಲಿ ಕೂರಲಾಗದೆ ಎದ್ದು ನಿಲ್ಲುತ್ತೇನೆ. ಕೇಳುವವರು ಚಹಾದ ಲೋಟವನ್ನು ಸ್ವಲ್ಪ ದೂರ ಸರಿಸಿಕೊಳ್ಳುವುದು ಒಳ್ಳೆಯದು.

ಮಂಗಳೂರಿನ ಪಡೀಲು ದಾಟಿ ಬಂಟ್ವಾಳದ ದಾರಿಯಲ್ಲಿ ಸ್ವಲ್ಪ ಹೋಗಿ ಎಡಕ್ಕೆ ಇಳಿದರೆ ನಮ್ಮ ಮೆಥೋಡಿಸ್ಟ್ ಚರ್ಚು. ಕಟ್ಟುವಾಗ ಅದು ಶುದ್ಧ ಹಳ್ಳಿ. ಈಗ ನಗರಪಾಲಿಕೆಯ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ, ಆದರೆ ದನಗಳು ಇನ್ನೂ ನಮ್ಮ ಕಂಪೌಂಡಿನಲ್ಲೇ ಮಲಗುತ್ತವೆ. ರಿಕ್ಷಾದವರಿಗೆ "ಚರ್ಚಿಗೆ ಬಿಡಿ" ಎಂದರೆ ಸೀದಾ ಬಿಕರ್ನಕಟ್ಟೆಯ ಬಾಲಯೇಸುವಿನ ದೊಡ್ಡ ಚರ್ಚಿನ ಎದುರು ತಂದು ನಿಲ್ಲಿಸುತ್ತಾರೆ. "ಇದಲ್ಲ ಮಾರಾಯ, ಇನ್ನೂ ಮುಂದೆ" ಎಂದರೆ, "ಮುಂದೆಯೂ ಚರ್ಚು ಉಂಟಾ?" ಎಂದು ನನ್ನನ್ನೇ ಕೇಳುತ್ತಾರೆ. ಉಂಟು. ಭಾನುವಾರ ಮೂವತ್ತು ಜನ ಕೂತರೆ ನಮ್ಮ ಪಾಸ್ಟರ ಮುಖ ಅರಳಿಬಿಡುತ್ತದೆ, ಅಷ್ಟು ದೊಡ್ಡ ಚರ್ಚು.

ಅದನ್ನು ಕಟ್ಟಿದವರು ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು. ಜಾಗ ಕೊಟ್ಟದ್ದು ಊರಿನ ಜಮೀನ್ದಾರರಾದ ಪಕ್ಕದ ಗುತ್ತಿನ ಮನೆಯ ಯಜಮಾನರು. ಏನೂ ಬೆಳೆಯದ ಪಾರೆ ಜಾಗ, ಕೊಟ್ಟರೆ ಪುಣ್ಯ ಬಂದೀತು, ಇಟ್ಟುಕೊಂಡರೆ ಮುಳ್ಳು ಬಂದೀತು ಎಂದು ಕೊಟ್ಟರಂತೆ. ಆ ಪಾರೆಯನ್ನೇ ಕಡಿದು ಕೆಂಪುಕಲ್ಲು ತೆಗೆದು ಗೋಡೆ ಎಬ್ಬಿಸಿದರು. ಮಾಡಿಗೆ ಏನು ಮಾಡುವುದು? ಕಾರ್ಖಾನೆಯ ಗೂಡಿನಲ್ಲಿ ಸುಡುವಾಗ ಕೆಲವು ಹಂಚುಗಳು ಸೊಟ್ಟಗಾಗುತ್ತಿದ್ದವು. ಅವನ್ನು ಮಾರುವ ಹಾಗಿರಲಿಲ್ಲ, ಕೇಳಿದವರು ಒಯ್ಯಬಹುದಿತ್ತು. ಸಂಜೆ ಮನೆಗೆ ಹೊರಡುವಾಗ ಒಬ್ಬೊಬ್ಬ ಹೆಂಗಸಿನ ತಲೆಯ ಮೇಲೂ ಎರಡೋ ಮೂರೋ ಸೊಟ್ಟ ಹಂಚು. ನನ್ನ ಅಜ್ಜಿಯೂ ಹೊತ್ತಳು, ಅಮ್ಮ ಹೊಟ್ಟೆಯಲ್ಲಿದ್ದಾಗಲೂ ಹೊತ್ತಳು. ಆ ಲೆಕ್ಕದಲ್ಲಿ ತಾನೂ ಹಂಚು ಹೊತ್ತವಳೇ ಎಂದು ಎಂಬತ್ತು ದಾಟಿದ ನನ್ನ ಅಮ್ಮ ಇವತ್ತಿಗೂ ವಾದಿಸುತ್ತಾಳೆ.

ಸೊಟ್ಟ ಹಂಚು ಸುಲಭಕ್ಕೆ ಕೂರುವುದಿಲ್ಲ. ಒಂದರ ಸೊಟ್ಟಕ್ಕೆ ಇನ್ನೊಂದರ ಸೊಟ್ಟ ಹೊಂದಬೇಕು. ಆದ್ದರಿಂದ ಒಂದೊಂದು ಮನೆಯವರು ತಾವು ಹೊತ್ತು ತಂದದ್ದನ್ನು ಒಟ್ಟಿಗಿಟ್ಟು, ಜೋಡಿ ನೋಡಿ ನೋಡಿ, ಮಾಡಿನ ಒಂದೊಂದು ಭಾಗ ಮುಚ್ಚಿದರು. ಅಲ್ಲಿಂದ ಒಂದು ಪದ್ಧತಿಯೇ ಹುಟ್ಟಿತು: ಯಾರ ಹಂಚು ಎಲ್ಲಿದೆಯೋ ಆ ಮನೆಯವರು ಅದರ ಕೆಳಗಿನ ಬೆಂಚಿನಲ್ಲಿ ಕೂರಬೇಕು. ಅಜ್ಜಿಯ ಹಂಚು ಎಡಗಡೆ ಕಿಟಕಿಯ ಮೇಲೆ. ನನ್ನ ಅಪ್ಪ ಬೇರೆ ಊರಿನವರು, ಅವರಿಗೆ ಇಲ್ಲಿ ಒಂದು ಹಂಚೂ ಇರಲಿಲ್ಲ. ಪಾಪ, ಸಾಯುವ ತನಕ ಅತ್ತೆಯ ಹಂಚಿನ ಕೆಳಗೇ ಕೂತರು. ಅಮ್ಮನಂತೂ ಪಾಸ್ಟರ ಪ್ರಸಂಗ ಉದ್ದವಾದಾಗಲೆಲ್ಲ ತಲೆಯೆತ್ತಿ ಮೇಲೆ ನೋಡುತ್ತಿದ್ದಳು. "ಎಂತ ನೋಡ್ತೀ?" ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. "ನನ್ನ ಅಮ್ಮನನ್ನು," ಎಂದಿದ್ದಳು. ಅಜ್ಜಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಮ್ಮನಿಗೆ ಇರುವುದು ಆ ಹಂಚುಗಳೇ.

ಮೊನ್ನೆಯ ಬೇಸಗೆಯಲ್ಲಿ ಮಾಡಿನ ಮರಕ್ಕೆ ಗೆದ್ದಲು ಹಿಡಿದದ್ದು ಗೊತ್ತಾಯಿತು. ಚರ್ಚಿನ ಸಭೆಯ ಕಾರ್ಯದರ್ಶಿ ನನ್ನ ದೊಡ್ಡಮ್ಮನ ಮಗ, ನನಗೆ ಅಣ್ಣನಾಗಬೇಕು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದವನು. ಅಳೆದು ತೂಗಿ ಮಾತಾಡುವ ಮನುಷ್ಯ. "ತಗಡಿನ ಶೀಟ್ ಹಾಕುವ. ಒಂದೇ ದಿನದ ಕೆಲಸ," ಎಂದ. ಅಮ್ಮ ಕೋಲು ಕುಟ್ಟಿದಳು. "ಶೀಟ್ ಹಾಕಿದರೆ ನಾನು ಆ ಬಾಗಿಲು ತುಳಿಯುವುದಿಲ್ಲ. ನನ್ನನ್ನು ಹೂಳುವ ದಿನ ಸಹ ಹೊರಗಿಂದಲೇ ಒಯ್ಯಿರಿ." ಕೊನೆಗೆ ಒಂದು ಒಪ್ಪಂದವಾಯಿತು. ಹಂಚು ಇಳಿಸಿ, ಮರದ ಬದಲು ಕಬ್ಬಿಣ ಕೂರಿಸಿ, ಮಳೆಗೆ ಮೊದಲು ಅದೇ ಹಂಚನ್ನು ಇದ್ದ ಜಾಗಕ್ಕೇ ಇಡುವುದು. ಆಗದಿದ್ದರೆ ಶೀಟ್. ಅಣ್ಣ ತಾನೇ ಮಾಡಿಗೆ ಏಣಿ ಹಾಕಿ, ಪ್ರತಿ ಹಂಚಿನ ಮೇಲೂ ಸಾಲು ಯಾವುದು, ಜಾಗ ಯಾವುದು ಎಂದು ಚಾಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ನಂಬರ್ ಬರೆದ. ಕೆಳಗಿದ್ದ ಹೆಂಗಸರಿಗೆ ಮಾತ್ರ ಅದನ್ನು ಯಾರೂ ಹೇಳಲಿಲ್ಲ.

ಕಬ್ಬಿಣದ ಕೆಲಸ ಮುಗಿಯುತ್ತಾ ಬಂದ ದಿನ ನಾನು ಪೇಟೆಗೆ ಹೋಗಿದ್ದೆ. ಸ್ತ್ರೀಯರ ಸಂಘದವರು ಅಂಗಳದಲ್ಲಿ ಸೇರಿದ್ದರು. ರಾಶಿ ಹಾಕಿದ್ದ ಹಂಚುಗಳ ಮೇಲೆ ಪಾಚಿ, ಮಸಿ, ಹಕ್ಕಿಯ ಹಿಕ್ಕೆ. ಅದನ್ನು ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. ದೇವರ ಮನೆಯ ಮೇಲೆ ಇಷ್ಟು ಕೊಳೆಯೇ ಎಂದು ತೆಂಗಿನ ನಾರು, ಸೋಪಿನ ಪುಡಿ, ನೀರಿನ ಪೈಪು ತರಿಸಿದಳು. ಸಂಜೆ ನಾನು ಬಂದಾಗ ಹಂಚುಗಳು ನಿನ್ನೆ ಗೂಡಿನಿಂದ ತೆಗೆದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಅಣ್ಣ ನನ್ನ ಹಿಂದೆಯೇ ಬಂದವನು ಗೇಟಿನಲ್ಲೇ ನಿಂತುಬಿಟ್ಟ.

"ನಂಬರ್ ಎಲ್ಲಿ?" ಎಂದ.

"ಎಂತ ನಂಬರ್?" ಎಂದಳು ಅಮ್ಮ, ಸೆರಗಿನಿಂದ ಕೈ ಒರೆಸುತ್ತಾ, ಬಹಳ ಹೆಮ್ಮೆಯಿಂದ. "ಯಾರೋ ಪೋಕರಿ ಮಕ್ಕಳು ಎಲ್ಲದರ ಮೇಲೂ ಚಾಕಿನಲ್ಲಿ ಗೀಚಿ ಇಟ್ಟಿದ್ದರು. ಉಜ್ಜಿ ಉಜ್ಜಿ ತೆಗೆದೆವು. ಒಂದು ಗೆರೆ ಬಿಡಲಿಲ್ಲ."

ವಿನಾಯಕನನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಕ್ರೈಸ್ತರಾದ ನಮಗೂ ಆ ಗಾದೆ ತಪ್ಪಲಿಲ್ಲ. ಅಣ್ಣ ಬೈಯಲಿಲ್ಲ. ಅವನು ಸುಮ್ಮನೆ ಅಮ್ಮನ ಪಕ್ಕ ಕೂತು ವಿಷಯ ಹೇಳಿದ. ಬೈದಿದ್ದರೆ ಅಮ್ಮ ತಿರುಗಿ ಬೈಯುತ್ತಿದ್ದಳು, ಎಲ್ಲ ಸರಿಯಾಗುತ್ತಿತ್ತು. ಅವಳು ರಾಶಿಯನ್ನೇ ನೋಡುತ್ತಾ, "ಹಾಗಾದರೆ ನನ್ನ ಅಮ್ಮನದು ಯಾವುದು?" ಎಂದಳು.

ಮರುದಿನ ಕಡಲ ಕಡೆಯಿಂದ ಮೋಡ ಏರಿತು. ಅಣ್ಣ ಬೈಕಂಪಾಡಿಯ ಗೋಡೌನಿಗೆ ಫೋನ್ ಮಾಡಿ ಶೀಟಿಗೆ ಹೇಳಿಬಿಟ್ಟ. "ನಾಡಿದ್ದು ಮಧ್ಯಾಹ್ನ ಲಾರಿ ಬರ್ತದೆ," ಎಂದ. ನನಗೆ ಎಲ್ಲಿತ್ತೋ ಕೋಪ. "ಲಾರಿ ಬಂದು ನಿಲ್ಲುವಾಗ ಮಾಡು ಮುಚ್ಚಿದ್ದರೆ?" ಎಂದೆ. ಅವನು ನಕ್ಕ. "ಮುಚ್ಚಿದ್ದರೆ ನಾನೂ ಬಾಯಿ ಮುಚ್ತೇನೆ. ಆದರೆ ಜೋಡಿ ಗೊತ್ತಿಲ್ಲದ ಸೊಟ್ಟ ಹಂಚು ಹೇಗೆ ಕೂರಿಸ್ತೀ ಮಾರಾಯ್ತಿ?" ನಾನು ಕಪಾಟಿನಿಂದ ಸೀಟಿ ತೆಗೆದೆ.

ಮೊದಲು ಗುತ್ತಿನ ಮನೆಗೆ ನುಗ್ಗಿದೆ. ಆ ಮನೆಯ ಈಗಿನ ಯಜಮಾನ್ತಿ ಹೋಟೆಲು ನಡೆಸುವವಳು, ನನ್ನ ಸಹಪಾಠಿ. ನಂತರ ಮೂಲೆಯ ಹಾರ್ಡ್‌ವೇರ್ ಅಂಗಡಿಗೆ. ಗಲ್ಫಿನಿಂದ ಮರಳಿ ಅಂಗಡಿ ಇಟ್ಟ ಬ್ಯಾರಿ ಸಾಹೇಬರು ಅರ್ಧ ಕತೆ ಕೇಳುವಷ್ಟರಲ್ಲೇ ಶಟರ್ ಎಳೆದರು. "ನಿಮ್ಮ ಅಮ್ಮ ನಮ್ಮ ಉಮ್ಮನ ಹೆರಿಗೆಗೆ ಬಂದವರು. ನಾನು ಹುಟ್ಟುವಾಗ ಮೊದಲು ನೋಡಿದ್ದೇ ಅವರ ಮುಖ. ನಡೀರಿ," ಎಂದರು. ಮರುದಿನ ಬೆಳಗ್ಗೆ ಚರ್ಚಿನ ಅಂಗಳದಲ್ಲಿ ಭಾನುವಾರಕ್ಕಿಂತ ಹೆಚ್ಚು ಜನ!

ಕೆಲಸ ಹೀಗೆ: ಒಬ್ಬೊಬ್ಬರು ಒಂದೊಂದು ಹಂಚು ಹಿಡಿದು ಅಂಗಳದಲ್ಲೆಲ್ಲ ಸುತ್ತುವುದು, ಎದುರು ಬಂದವರ ಹಂಚಿಗೆ ತಮ್ಮದನ್ನು ಸೇರಿಸಿ ನೋಡುವುದು, ಅಲುಗಾಡದೆ ಕೂತರೆ "ಜೋಡಿ!" ಎಂದು ಕೂಗುವುದು. ನಾನು ಸೀಟಿ ಊದುವುದು. ಜೋಡಿ ಮಾಡಿಗೆ ಹೋಗುವುದು. ಮೊದಲ ಜೋಡಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಬಾಯಲ್ಲಿಟ್ಟ ಸೀಟಿ ಒಣಗಿಹೋಯಿತು. ಆಮೇಲೆ ಕಣ್ಣಿಗೆ ಅಭ್ಯಾಸವಾಯಿತು ನೋಡಿ, ಜೋಡಿ! ಜೋಡಿ! ಜೋಡಿ! ಗುತ್ತಿನ ಗೆಳತಿ ಮದುವೆ ದಲ್ಲಾಳಿಯ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಈ ಹೆಣ್ಣಿಗೆ ಆ ಗಂಡು ಬೇಡ, ಮೂಗು ಸೊಟ್ಟ. ಇಲ್ಲಿ ತನ್ನಿ, ಇದಕ್ಕೆ ಜಾತಕ ಕೂಡ್ತದೆ." ಅವಳ ಹೋಟೆಲಿನಿಂದ ಬನ್ಸು, ಚಹಾ ಬರುತ್ತಲೇ ಇತ್ತು. ಯಾವ ಹಂಚು ಯಾವ ಮನೆಯದೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಷ್ಟು ಬೇಗ ಆಗುತ್ತಲೂ ಇರಲಿಲ್ಲ, ಪ್ರತಿ ಮನೆಯವರೂ ತಮ್ಮದನ್ನೇ ಹುಡುಕುತ್ತಿದ್ದರು.

ಅಮ್ಮ ಗೇರುಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಒಂದು ಹಂಚನ್ನೂ ಮುಟ್ಟಲಿಲ್ಲ. ನಾನು ಕರೆದೆ. "ನಾನು ಮುಟ್ಟಿದ್ದು ಸಾಕು," ಎಂದಳು.

ಎರಡನೆಯ ದಿನ ಮಧ್ಯಾಹ್ನ ಬಂತು. ಬಾಗಿಲ ಕಡೆಯ ಮಾಡು ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಬ್ಯಾರಿ ಸಾಹೇಬರಿಗೆ ಲಾರಿ ಡ್ರೈವರನ ಪರಿಚಯವಿತ್ತು. ಅವರು ಮಾಡಿನ ಮೇಲಿಂದಲೇ ಫೋನಿನಲ್ಲಿ ವಿಚಾರಿಸಿ ಕೂಗುತ್ತಿದ್ದರು. "ಬೈಕಂಪಾಡಿ ಬಿಟ್ಟ!" ಸ್ವಲ್ಪ ಹೊತ್ತಿಗೆ, "ಕೂಳೂರು ದಾಟಿದ!" "ನಿಧಾನ ಬಾ ಅಂತ ಹೇಳಲಾ ಟೀಚರ್?" ಎಂದು ಕೇಳಿದರು.

"ಬೇಡ. ಮೋಸ ಬೇಡ," ಎಂದೆ. "ದಾರಿಯಲ್ಲಿ ನಂತೂರು ಸರ್ಕಲ್ ಉಂಟಲ್ಲ. ಅದು ನೋಡಿಕೊಳ್ತದೆ."

ನೋಡಿಕೊಂಡಿತು! ನಂತೂರಿನಲ್ಲಿ ಒಂದು ಟ್ಯಾಂಕರ್ ಕೆಟ್ಟು ನಿಂತು ನಾಲ್ಕೂ ಕಡೆ ಬ್ಲಾಕ್. ಮೇಲಿಂದ ಸುದ್ದಿ ಬಂದದ್ದೇ ಅಂಗಳದಲ್ಲಿ ಚಪ್ಪಾಳೆ. ಪಾಸ್ಟರು ಕೈ ಜೋಡಿಸಿ ಸ್ತೋತ್ರ ಹೇಳಿಯೇಬಿಟ್ಟರು. ನಂತೂರಿನ ಬ್ಲಾಕಿಗಾಗಿ ದೇವರಿಗೆ ಕೃತಜ್ಞತೆ ಹೇಳಿದ ಮೊದಲ ಮಂಗಳೂರಿಗರು ನಾವೇ ಇರಬೇಕು. ಆ ಗಲಾಟೆಯ ನಡುವೆ ಒಂದು ಗಂಡು ಧ್ವನಿ ಎಲ್ಲರಿಗಿಂತ ಜೋರಾಗಿ "ಜೋಡಿ!" ಎಂದಿತು. ತಿರುಗಿ ನೋಡಿದರೆ ನಮ್ಮ ಅಣ್ಣ! ಬೆಳಗ್ಗಿನಿಂದ ಕೈಕಟ್ಟಿ ನಿಂತಿದ್ದವನು, ಇಸ್ತ್ರಿ ಅಂಗಿಗೆ ಕೆಂಪು ಮೆತ್ತಿಕೊಂಡು, ಎರಡು ಹಂಚು ಎತ್ತಿ ಹಿಡಿದು ಮಗುವಿನ ಹಾಗೆ ನಗುತ್ತಿದ್ದ. "ನೋಡ್ತಾ ನಿಂತೆಂತ? ಸೀಟಿ ಊದು!" ಎಂದು ನನಗೇ ಜೋರು ಮಾಡಿದ.

ನೆತ್ತಿಯ ಹಂಚು ಕೂರಿಸುವಾಗ ಗಾಳಿ ಎದ್ದಿತು. ಸಾಹೇಬರು ಏಣಿ ಇಳಿಯುವುದಕ್ಕೂ ಲಾರಿ ಗೇಟಿನಲ್ಲಿ ನಿಲ್ಲುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಎಲ್ಲರೂ ಓಡಿ ಚರ್ಚಿನೊಳಗೆ ನುಗ್ಗಿದೆವು, ಲಾರಿ ಡ್ರೈವರನೂ ಸೇರಿ. ತಲೆ ಮೇಲೆ ಎತ್ತಿ ನಿಂತೆವು. ಹೊರಗೆ ಆಕಾಶವೇ ಕಡಿದುಬಿದ್ದ ಹಾಗೆ ಮಳೆ, ಒಳಗೆ ಒಂದು ಹನಿ ಇಲ್ಲ. ಅಣ್ಣ ಡ್ರೈವರನ ಹೆಗಲಿಗೆ ಕೈ ಹಾಕಿ, "ಶೀಟ್ ವಾಪಸ್. ಬಾಡಿಗೆ ನನ್ನದು," ಎಂದ. ನಾನು ಸಂತೋಷಕ್ಕೆ ಜೋರಾಗಿ ಅತ್ತೆ. ಅಳುವುದನ್ನೂ ನಾನು ಮೆಲ್ಲಗೆ ಮಾಡಿದವಳಲ್ಲ.

ಪಾಸ್ಟರು ಒಂದು ಪ್ರಾರ್ಥನೆ ಮಾಡುವ, ಕೂತುಕೊಳ್ಳಿ ಎಂದರು. ಯಾರೂ ಕೂರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದೆವು. ಕೂರುವುದು ಎಲ್ಲಿ? ಯಾವ ಮನೆಯ ಹಂಚು ಎಲ್ಲಿ ಸೇರಿದೆಯೋ ಯಾರು ಬಲ್ಲರು? ಎಡಗಡೆ ಕಿಟಕಿಯ ಬಳಿ ನಮ್ಮ ಮನೆಯ ಹಳೆಯ ಬೆಂಚಿತ್ತು. ಅಮ್ಮ ಅದರ ಬಳಿ ಹೋಗಿ ಕೋಲೂರಿ ನಿಂತು ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಇಷ್ಟೆಲ್ಲ ಹಾರಾಡಿ ನಾವು ಮಾಡು ಉಳಿಸಿದೆವು, ಅಮ್ಮನಿಗೆ ಅವಳ ಅಮ್ಮನನ್ನು ಉಳಿಸಿಕೊಡಲಿಲ್ಲ ಎಂದು ಆಗ ಹೊಳೆಯಿತು.

ಅಮ್ಮ ಆ ಬೆಂಚಿನಲ್ಲಿ ಕೂರಲಿಲ್ಲ. ತಿರುಗಿ, ಬಾಗಿಲ ತನಕ ಮಾಡಿನ ಉದ್ದಕ್ಕೂ ಕಣ್ಣಾಡಿಸುತ್ತಾ ಮೆಲ್ಲಗೆ ನಡೆದು ಬಂದಳು. ಕೊನೆಯ ಬೆಂಚಿನ ಬಳಿ ಒದ್ದೆ ಅಂಗಿಯ ಡ್ರೈವರ್ ಸಂಕೋಚದಿಂದ ಗೋಡೆಗೆ ಆತು ನಿಂತಿದ್ದ. ಅವನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಇನ್ನು ಎಲ್ಲಿ ಕೂತರೂ ತಲೆ ಮೇಲೆ ಒಂದಾದರೂ ನನ್ನ ಅಮ್ಮ ಹೊತ್ತದ್ದು ಉಂಟು," ಎಂದಳು ನಮ್ಮೆಲ್ಲರಿಗೂ. "ನಿಮಗೂ ಉಂಟು. ಕೂತ್ಕೊಳ್ಳಿ."