ಡಬ್ಬಿ ಅಕ್ಕ

ಯಾರನ್ನೂ ಬಾಯ್ತುಂಬ ಹೊಗಳುವುದು ನನಗೆ ಬಾರದ ವಿದ್ಯೆ. ಟೈಲ್ಸ್ ಕೂರಿಸುವವನು ನಾನು. ಮಟ್ಟ ನೋಡಿ ತಪ್ಪು ಹುಡುಕುವುದೇ ನನ್ನ ಕಸುಬು. ಆದರೂ ಡಬ್ಬಿ ಅಕ್ಕನ ಬಗ್ಗೆ ಇಷ್ಟಾದರೂ ಹೇಳದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಅವಳೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಈ ನಗರಕ್ಕೆ ಬಂದವಳು, ನಮಗಿಂತ ಇಪ್ಪತ್ತು ವರ್ಷ ಮೊದಲು. ಗಾರೆ ಕೆಲಸದ ಗಂಡ ತೀರಿಕೊಂಡ ಮೇಲೆ ಊರಿಗೆ ಮರಳದೆ, ನಾವಿದ್ದ ನಾಲ್ಕು ಮಹಡಿಯ ಕಟ್ಟಡದ ಕೆಳಗಿನ ಕೋಣೆಯಲ್ಲಿ ಒಲೆ ಹೂಡಿದಳು. ಕಟ್ಟಡದ ತುಂಬ ನಮ್ಮ ಭಾಷೆಯ ಕೆಲಸಗಾರರೇ. ಒಂದೊಂದು ಕೋಣೆಯಲ್ಲಿ ಮೂರು ಮಂಚ, ಆರು ಜನ. ಹಗಲು ಪಾಳಿಯವನು ಎದ್ದ ಮಂಚದಲ್ಲಿ ರಾತ್ರಿ ಪಾಳಿಯವನು ಮಲಗಬೇಕು. ಅಷ್ಟೂ ಜನಕ್ಕೆ ಅವಳದೇ ಡಬ್ಬಿ ಊಟ. ಈ ನಗರದ ಭಾಷೆಯನ್ನು ಅವಳು ಕಲಿತದ್ದು ತರಕಾರಿಯವರ ಜೊತೆ ಜಗಳವಾಡುತ್ತಾ. ಹಾಗಾಗಿ ಆ ಭಾಷೆಯಲ್ಲಿ ಕ್ಷೇಮ ವಿಚಾರಿಸಿದರೂ ಬೈದ ಹಾಗೇ ಕೇಳಿಸುತ್ತಿತ್ತು.

ಆ ವರ್ಷ ನಗರಕ್ಕೆ ಜ್ವರ ಕಾಲಿಟ್ಟಿತು. ಮೊದಲು ಮೈಕೈ ನೋವು, ಆಮೇಲೆ ಉಸಿರಿಗೇ ಕುತ್ತು. ಆರೋಗ್ಯ ಕೇಂದ್ರದ ನರ್ಸಮ್ಮ ದಿನಾ ಬೆಳಿಗ್ಗೆ ಬಂದು, ಅಂಗಳದಲ್ಲಿ ನಿಂತು, ಮೈಕ್ ಹಿಡಿದು ಕೂಗುತ್ತಿದ್ದರು. ನಮಗೆ ತಿಳಿಯುತ್ತಿದ್ದುದು ಅರ್ಧ. ಹೆದರಲು ಆ ಅರ್ಧವೇ ಧಾರಾಳವಾಯಿತು. ಜ್ವರ ಬಂದವರನ್ನು ಎಲ್ಲಿಗೋ ಒಯ್ಯುತ್ತಾರಂತೆ, ಹೋದವನ ಮಂಚ ಬೇರೆಯವನ ಪಾಲಂತೆ, ಕೆಲಸವೂ ಹೋದಂತೆಯೇ ಅಂತೆ. ಒಬ್ಬರೂ ಕದ ತೆರೆಯಲಿಲ್ಲ.

ಒಂದು ದಿನ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅಲ್ಲಿ ನಡೆದ ಮಾತು ಆಮೇಲೆ ಅವಳೇ ಹೇಳಿದ್ದು.

"ಇದೇನಮ್ಮಾ, ಹರಾಜು ಕೂಗ್ತಿದ್ದೀರಾ? ಹಿಂಗೆ ಕಿರುಚಿದ್ರೆ ಯಾರು ಬರ್ತಾರೆ? ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಮಂಚ ಯಾರು ಕಾಯ್ತಾರೆ, ಕೆಲಸದ ಗತಿ ಏನು? ಇಷ್ಟಕ್ಕೆ ಉತ್ತರ ತನ್ನಿ. ಅವರಿಗೆ ನಾನು ಹೇಳ್ತೀನಿ."

ನರ್ಸಮ್ಮ ದೊಡ್ಡ ಮನಸ್ಸಿನವರು. ಸಿಟ್ಟಾಗದೆ ಎರಡು ದಿನ ಓಡಾಡಿ ಉತ್ತರ ತಂದರು. ಕರೆದೊಯ್ಯುವುದು ಸರ್ಕಾರಿ ಆಸ್ಪತ್ರೆಗೆ. ಮಂಚ ಯಾರಿಗೂ ಕೊಡುವುದಿಲ್ಲವೆಂದು ಕಟ್ಟಡದ ಮಾಲೀಕರು ಒಪ್ಪಿದ್ದಾರೆ. ಮೇಸ್ತ್ರಿಗೆ ಡಾಕ್ಟರೇ ಚೀಟಿ ಬರೆಯುತ್ತಾರೆ. ಈ ಉತ್ತರಗಳು ಡಬ್ಬಿಗಳ ಜೊತೆ ಮಹಡಿ ಹತ್ತಿದವು. ಜ್ವರವಿದ್ದ ಮೂರು ಜನ ತಾವಾಗಿಯೇ ಇಳಿದು ಬಂದರು.

ಆಮೇಲೆ ನನಗೂ ಜ್ವರ ಬಂತು, ನಾನು ಇಳಿಯಲಿಲ್ಲ. ಮೊದಲಿನಿಂದಲೂ ಮೊಂಡ. ಆಸ್ಪತ್ರೆಗೆ ಹೋದವನು ತಿರುಗಿ ಬರುವುದಿಲ್ಲ ಎಂಬ ಮಾತು ತಲೆಯಲ್ಲಿ ಬೇರೂರಿತ್ತು. ವಾಪಸ್ ಬಂದ ಡಬ್ಬಿಯಲ್ಲಿ ಅನ್ನ ಉಳಿದಿದ್ದರೆ ಅಕ್ಕ ಸೀದಾ ಆ ಕೋಣೆಗೆ ಹೋಗುತ್ತಾಳೆಂಬುದೂ ಗೊತ್ತಿತ್ತು. ಹಾಗಾಗಿ ಜ್ವರ ಏರಿದ ಮೂರನೇ ದಿನ, ಊಟ ಸೇರದಿದ್ದಾಗ, ಅನ್ನವನ್ನೆಲ್ಲ ಕಾಗದದಲ್ಲಿ ಕಟ್ಟಿ ಕಸಕ್ಕೆ ಎಸೆದೆ. ಅಗುಳೂ ಸಿಗಬಾರದೆಂದು ಡಬ್ಬಿಯನ್ನು ಸೋಪು ಹಾಕಿ ಉಜ್ಜಿ, ಒರೆಸಿ, ಬಾಗಿಲ ಹೊರಗಿಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಅರ್ಧ ಗಂಟೆಯೂ ಆಗಿರಲಿಲ್ಲ, ಬಾಗಿಲು ದಬದಬ ಬಡಿದ ಸದ್ದಾಯಿತು.

"ಏಯ್ ಮೊಂಡ, ಕದ ತೆಗಿ."

"ಊಟ ಆಯ್ತಕ್ಕಾ, ಮಲಗಿದ್ದೀನಿ."

"ಆರು ವರ್ಷದಿಂದ ನನ್ನ ಕೈ ಊಟ ಮಾಡ್ತಿದ್ದೀಯ. ಒಂದು ದಿನ ಡಬ್ಬಿ ತೊಳೆದು ಕೊಟ್ಟಿದ್ದೀಯಾ? ನೀನಿರಲಿ, ಈ ಕಟ್ಟಡದಲ್ಲಿ ಯಾವ ಗಂಡಸು ತೊಳೆದಿದ್ದಾನೆ? ಜ್ವರ ಎಷ್ಟು ದಿನದಿಂದ?"

ಸಿಕ್ಕಿಬಿದ್ದ ಸಿಟ್ಟಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. "ನೀನು ನಮ್ಮೋಳಾ, ಅವರೋಳಾ?" ಎಂದೂ ಕೇಳಿಬಿಟ್ಟೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

"ಯಾರೋಳಾದ್ರೂ ಆಗ್ಲಿ, ಮೊದಲು ಚಪ್ಪಲಿ ಹಾಕ್ಕೋ," ಎಂದಳು.

ಕದ ತೆರೆದದ್ದು ನೆನಪಿದೆ. ಮೆಟ್ಟಿಲ ಮೇಲೆ ಕಾಲು ಸೋತದ್ದು, ಒಂದು ಕಡೆ ಅಕ್ಕ, ಇನ್ನೊಂದು ಕಡೆ ಅವಳು ಕರೆಸಿದ್ದ ನರ್ಸಮ್ಮ ಹಿಡಿದದ್ದು ನೆನಪಿದೆ. ಆಮೇಲಿನ ನಾಲ್ಕು ದಿನ ಎಲ್ಲಿದ್ದೆನೋ ದೇವರಿಗೇ ಗೊತ್ತು. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಕಣ್ಣು ಬಿಟ್ಟಾಗ ಅಕ್ಕ ವಾರ್ಡಿನಲ್ಲೇ ಇದ್ದಳು, ಆದರೆ ನನ್ನ ಹತ್ತಿರವಲ್ಲ. ಆಚೆ ಮಂಚದ ಬಡಗಿಗೆ ಎಲ್ಲಿ ನೋವೆಂದು ಡಾಕ್ಟರಿಗೆ ತಿಳಿಸುತ್ತಿದ್ದಳು, ಡಾಕ್ಟರು ಹೇಳಿದ್ದನ್ನು ಬಡಗಿಗೆ ಗದರಿ ಹೇಳುತ್ತಿದ್ದಳು. ನಮ್ಮ ಕಟ್ಟಡದಿಂದ ಒಟ್ಟು ಹದಿನಾಲ್ಕು ಜನ ಆಸ್ಪತ್ರೆ ಸೇರಿದೆವು. ಹದಿನಾಲ್ಕೂ ಜನ ನಡೆದುಕೊಂಡು ಹೊರಗೆ ಬಂದೆವು.

ನನ್ನನ್ನು ಮನೆಗೆ ಕಳಿಸುವ ದಿನ ಗುಮಾಸ್ತರು ಕಾಗದ ಮುಂದಿಟ್ಟರು. ನನ್ನನ್ನು ಉಸಿರಿನ ಯಂತ್ರಕ್ಕೆ ಹಾಕುವ ಮೊದಲು ಹತ್ತಿರದವರ ಒಪ್ಪಿಗೆ ಕೇಳಿದ್ದರಂತೆ. ಈ ನಗರದಲ್ಲಿ ಹತ್ತಿರದವರೆಂದರೆ ನನಗೆ ಯಾರಿದ್ದರು? ಹಾಳೆಯ ಕೆಳಗೆ ನಮ್ಮ ಲಿಪಿಯಲ್ಲಿ, ಅಂಕುಡೊಂಕಾಗಿ, ಅವಳ ಹೆಸರಿತ್ತು. ಪಕ್ಕದಲ್ಲಿ ಅವರ ಲಿಪಿಯಲ್ಲಿ ಏನೋ ಇತ್ತು. ಏನೆಂದು ಕೇಳಿದೆ.

"ರೋಗಿಗೆ ಏನಾಗ್ಬೇಕು ಅಂತ ಕೇಳಿದ್ವಿ. ಒಡಹುಟ್ಟಿದ ಅಕ್ಕ ಅಂದ್ರು. ಹೊರಗೆ ನಿಂತಿದ್ದಾರೆ, ಕರೀರಿ. ಇಲ್ಲೊಂದು ಸಹಿ ಬಾಕಿ ಇದೆ."

ಬಾಗಿಲಿಗೆ ಹೋದೆ. 'ಅಕ್ಕಾ' ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದ ಮಾತೇ ಅದು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಅವಳು ತಿರುಗಿ ನೋಡಿ, "ಯಾಕೋ, ಮತ್ತೆ ಉಸಿರು ಕಟ್ತಾ?" ಎಂದು ಓಡಿ ಬಂದಳು.