ಗುಂಡಿಯಕ್ಕನ ಸೂಜಿ

ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಗುಂಡಿಯಕ್ಕ ಎಂದು. ದರ್ಜಿ ಅಂಗಡಿಯಿಂದ ಬಂದ ಅಂಗಿ, ಕೋಟುಗಳಿಗೆ ಮನೆಯಲ್ಲೇ ಕೂತು ಗುಂಡಿ ಹಾಕಿಕೊಡುವುದು ಅವಳ ಕಸುಬು. ಜೊತೆಗಿದ್ದದ್ದು ಒಂದು ಬೂದು ಬೆಕ್ಕು. ಹಗಲು ಮಾತ್ರ, ಮಗಳು ಕೆಲಸಕ್ಕೆ ಹೋಗುವಾಗ ಬಿಟ್ಟುಹೋಗುವ ಅಂಬೆಗಾಲಿನ ಮೊಮ್ಮಗಳು.

ಬೆಕ್ಕಿನ ಉಪದ್ವ್ಯಾಪ ಒಂದೆರಡಲ್ಲ. ಇಸ್ತ್ರಿಯಾದ ಕರಿ ಕೋಟನ್ನೇ ಹುಡುಕಿ ಅದರ ಮೇಲೆ ಮಲಗುತ್ತಿತ್ತು. ದಾರದುಂಡೆಯನ್ನು ಮಂಚದ ಕಾಲಿಗೆಲ್ಲ ಸುತ್ತುತ್ತಿತ್ತು. ಮುನಿಸು ಬಂದರೆ ಬಟ್ಟೆಬುಟ್ಟಿಯಲ್ಲೇ ಉಚ್ಚೆ.

"ನಿನ್ನ ಚಾಕರಿ ಮಾಡೋಕೇ ಹುಟ್ಟಿದೀನಿ ಮಹಾರಾಯ" ಎಂದು ಬೈಯುತ್ತಲೇ ಗುಂಡಿಯಕ್ಕ ಒರೆಸುತ್ತಿದ್ದಳು. ಮಗಳಿಗಂತೂ ಆ ಬೆಕ್ಕನ್ನು ಕಂಡರಾಗದು.

ಒಂದು ಮಧ್ಯಾಹ್ನ ಹಾಲು ಉಕ್ಕಿದ ವಾಸನೆ ಬಂತು. ಸೂಜಿಯನ್ನು ದಾರದ ಸಮೇತ ಅಂಗಿಯ ಕಾಲರಿಗೆ ಚುಚ್ಚಿಟ್ಟು ಅವಳು ಒಳಗೆ ಓಡಿದಳು. ಒಲೆ ಆರಿಸುವಷ್ಟರಲ್ಲಿ ಧಡಾರೆಂದು ಡಬ್ಬಿ ಬಿದ್ದ ಸದ್ದು. ಬಂದು ನೋಡಿದರೆ ನೆಲದ ತುಂಬ ಗುಂಡಿ, ಬೆಕ್ಕು ಕಪಾಟಿನ ಮೇಲೆ, ಮಗು ನಡುವೆ ಕೂತು ಏನನ್ನೋ ಚಪ್ಪರಿಸುತ್ತಿದೆ.

ಬೆರಳು ಹಾಕಿ ತೆಗೆದಳು. ಬರೀ ಗುಂಡಿ. ಹೋದ ಜೀವ ಬಂದಂತಾಯಿತು. ಆಮೇಲೆ ಅಂಗಿ ಎತ್ತಿದಳು. ಕಾಲರಿನಲ್ಲಿ ಸೂಜಿ ಇರಲಿಲ್ಲ.

ಚಾಪೆ ಕೊಡವಿದಳು, ನೆಲವನ್ನೆಲ್ಲ ಅಂಗೈಯಿಂದ ಸವರಿದಳು. ಎಲ್ಲೂ ಇಲ್ಲ. ಅಷ್ಟರಲ್ಲಿ ಮಗು ಅಳತೊಡಗಿತು. ಹಸಿವಿನ ಅಳುವೋ ನೋವಿನ ಅಳುವೋ ತಿಳಿಯಲಿಲ್ಲ. ಮಗುವನ್ನು ಅವಚಿಕೊಂಡು ಬರಿಗಾಲಲ್ಲೇ ಹೋಗಿ ಎದುರುಮನೆಯ ಡ್ರೈವರನ ಬಾಗಿಲು ಬಡಿದಳು.

"ತಮ್ಮಾ, ಗಾಡಿ ತೆಗಿಯೋ! ಮಗು ಸೂಜಿ ನುಂಗಿದೆಯೋ ಏನೋ!"

ಸುದ್ದಿ ತಿಳಿದ ಮಗಳು ಕೆಲಸದಿಂದ ನೇರ ಆಸ್ಪತ್ರೆಗೆ ಓಡಿಬಂದಳು. "ಸೂಜಿ ಎಲ್ಲಿಟ್ಟಿದ್ದೆ ಅಮ್ಮಾ? ಎಲ್ಲಿಟ್ಟಿದ್ದೆ?" ಗುಂಡಿಯಕ್ಕ ಎಕ್ಸ್‌ರೇ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಕೊನೆಗೆ ಡಾಕ್ಟರು ಹೊರಬಂದರು. "ಗಂಟಲಲ್ಲೂ ಇಲ್ಲ, ಹೊಟ್ಟೇಲೂ ಇಲ್ಲ. ಮಗು ಚೆನ್ನಾಗಿದೆ."

ಗುಂಡಿಯಕ್ಕ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡಳು.

"ಹಾಗಾದ್ರೆ ಸೂಜಿ ಎಲ್ಲಿ ಹೋಯ್ತಕ್ಕಾ?" ಎಂದ ಡ್ರೈವರ್.

ಮನೆಗೆ ಬಂದರೆ ಬೆಕ್ಕು ಮಂಚದಡಿ ಮುದುಡಿತ್ತು. ಜೊಲ್ಲು ಸುರಿಯುತ್ತಿತ್ತು, ಬಾಯಿಂದ ಗೇಣುದ್ದ ನೀಲಿ ದಾರ ಜೋತಾಡುತ್ತಿತ್ತು. ಮಗಳು ಎಳೆಯಲು ಕೈಚಾಚಿದಳು.

"ಎಳೀಬೇಡ್ವೇ! ಇನ್ನೂ ಒಳಗೆ ನಾಟ್ಕೊಳ್ಳುತ್ತೆ!" ಎಂದು ಗುಂಡಿಯಕ್ಕ ಕೂಗಿದಳು.

ಮತ್ತೆ ಗಾಡಿ ಹೊರಟಿತು. ಈ ಸಲ ಮಗು ಅಜ್ಜಿಯ ಮಡಿಲಲ್ಲಿ. ಬೆಕ್ಕು ಟವೆಲ್ಲಿನಲ್ಲಿ ಸುತ್ತಿಕೊಂಡು ಮಗಳ ತೊಡೆಯ ಮೇಲೆ. "ಸಾಯಬೇಡ್ವೋ ದರಿದ್ರದೋನೇ" ಎಂದು ಮಗಳು ದಾರಿಯುದ್ದಕ್ಕೂ ಗೊಣಗಿದಳು. ಪ್ರಾಣಿ ವೈದ್ಯರು ಅದಕ್ಕೆ ಮತ್ತು ಬರುವ ಮದ್ದು ಕೊಟ್ಟು, ಗಂಟಲಿಗೆ ನಾಟಿದ್ದ ಸೂಜಿಯನ್ನು ಹೊರತೆಗೆದರು.

ಬೆಕ್ಕನ್ನು ಬಿಟ್ಟುಬಿಡು ಎಂದು ಮಗಳು ಹೇಳಲಿಲ್ಲ. ಆದರೆ ಕೆಲದಿನ ಮಗುವನ್ನು ತನ್ನ ಅತ್ತೆಯ ಬಳಿ ಬಿಟ್ಟಳು. "ಕೋಪ ಅಲ್ಲಮ್ಮಾ, ಭಯ." ಗುಂಡಿಯಕ್ಕನಿಗೂ ತನ್ನ ಮೇಲೇ ನಂಬಿಕೆ ಹೋಗಿತ್ತು.

ಮಗು ಮರಳಿ ಬಂದಿದೆ. ಅದು ಮನೆಯಲ್ಲಿರುವಷ್ಟು ಹೊತ್ತು ಅವಳು ಹೊಲಿಗೆ ಮುಟ್ಟುವುದಿಲ್ಲ. ಆದರೂ ಮಗು ಒಮ್ಮೆ ಕೆಮ್ಮಿದರೆ ಸಾಕು, ಕಿಟಕಿಯ ಬೆಳಕಿಗೆ ಹಿಡಿದು ಬಾಯಿ ತೆರೆಸಿ ನೋಡುತ್ತಾಳೆ. ಮಗುವಿಗೆ ಅದೊಂದು ಆಟವಾಗಿಬಿಟ್ಟಿದೆ. ಅಜ್ಜಿಯ ಮುಖ ಕಂಡರೆ ಸಾಕು, ತಾನಾಗೇ ಬಾಯಿ ಅಗಲಿಸುತ್ತದೆ.