ಕೊನೆಯ ಎರಡು ಬೋಲ್ಟು

ಫಿಟ್ಟರ್ ಮಾಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಗ್ರೀಸ್ ಹಿಡಿದು ಕಪ್ಪಾದ ಗಟ್ಟಿ ಚರ್ಮವಿತ್ತು. ಜಾಮ್ ಆದ ಬೋಲ್ಟು ಕಂಡರೆ ಸ್ಪ್ಯಾನರ್ ಎತ್ತುವ ಮೊದಲು ಆ ಹೆಬ್ಬೆರಳನ್ನು ಅದರ ತಲೆಯ ಮೇಲೊತ್ತಿ, ನಾಡಿ ನೋಡುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ನನಗೆ ಆ ಸ್ವಲ್ಪ ಹೊತ್ತನ್ನೂ ತಡೆಯಲಾಗುತ್ತಿರಲಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ರೈಲು ನಿಲ್ಲುವ ಮೊದಲೇ ಇಳಿಯುವವನು ನಾನು.

ಥಾಣೆಯಿಂದ ಬದಲಾಪುರದವರೆಗೆ ಉಡುಪಿ ಕಡೆಯ ನಮ್ಮವರ ಹೋಟೆಲುಗಳಲ್ಲಿ ಗ್ರೈಂಡರು, ಇಡ್ಲಿ ಬಾಯ್ಲರು ಕೂರಿಸುತ್ತಿದ್ದವರು ಅವರು. ಹೋಟೆಲು ಕೈಬದಲಾದಾಗ ಬಿಚ್ಚುವುದಕ್ಕೂ ಅವರೇ ಬರಬೇಕು. ವರ್ತಕ ನಗರದಲ್ಲಿ ಅಪ್ಪನ ಹೋಟೆಲಿದ್ದ ಕಾಲದಿಂದಲೂ ಮನೆಗೆ ಬಂದು ಹೋಗುತ್ತಿದ್ದರು. ಸಂಬಂಧಿಕರಲ್ಲ, ಆದರೂ ಎಲ್ಲರಿಗೂ ಮಾಮ.

ತಿರುಗಾಟದ ಹುಚ್ಚಿನಲ್ಲಿ ನಾನೊಂದು ಹಳೆಯ ಕ್ಯಾರವಾನ್ ಗಾಡಿ ಕೊಂಡು ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದ್ದೆ. ಅದರ ಹಿಂದಿನ ಮಾಲೀಕ ನವಿ ಮುಂಬೈಯವನು. ಒಳಗೆ ಒಂದು ಮೇಜು, ಎರಡು ಸ್ಟೀಲ್ ಕಪಾಟು ಕೂರಿಸಿದ್ದ. ಸ್ಕ್ರೂ ಹೊಡೆದು, ಅದರ ಮೇಲೆ ಅಂಟು ಸುರಿದು, ಸಾಲದೆಂದು ನೆಲಕ್ಕೆ ಬೋಲ್ಟು ಹಾಕಿದ್ದ. ಅದನ್ನೆಲ್ಲ ಬಿಚ್ಚಲು ಬಂದ ದಿನ ಮಾಮ ಒಳಗೆ ಕಣ್ಣಾಡಿಸಿ ನಕ್ಕರು: "ಪಾಪ, ಹೆದರಿಕೆಯವ ಮಾರಾಯ. ಒಂದು ಸಾಕಾಗುವಲ್ಲಿ ನಾಲ್ಕು ಹಾಕಿದ್ದಾನೆ."

ನನಗೆ ನಗು ಬರಲಿಲ್ಲ. ಉಡುಪಿಯಲ್ಲಿ ದೊಡ್ಡಮ್ಮ ಊಟ ಬಿಟ್ಟಿದ್ದಾರೆ ಎಂದು ಗುರುವಾರ ಫೋನ್ ಬಂದಿತ್ತು. ಇತ್ತ ಸೊಂಟದ ಆಪರೇಷನ್ ಆಗಿದ್ದ ಅಮ್ಮನಿಗೆ ಹತ್ತು ನಿಮಿಷ ಕೂರಲಾಗದು, ರೈಲು ಹತ್ತಿ ಇಳಿಯಲಾಗದು. ಆಂಬುಲೆನ್ಸ್ ಅಂದರೆ ಬೇಡವೇ ಬೇಡ. "ಅದರಲ್ಲಿ ಹೋಗಿ ಇಳಿದರೆ ಅಕ್ಕ ನನ್ನನ್ನು ನೋಡಿ ಹೆದರಿಯೇ ಸಾಯ್ತಾಳೆ" ಅಂದರು. ಕಪಾಟು, ಮೇಜು ತೆಗೆದರೆ ಕ್ಯಾರವಾನಿನಲ್ಲಿ ಉದ್ದಕ್ಕೆ ಹಾಸಿಗೆ ಹಾಕಬಹುದು. ಭಾನುವಾರ ಬೆಳಿಗ್ಗೆ ಹೊರಡುವುದೆಂದು ನಿಶ್ಚಯಿಸಿದೆವು.

ಶುಕ್ರವಾರ ವಿಠ್ಠಲವಾಡಿಯ ತಮ್ಮ ಮನೆಯಿಂದ ಮಾಮ ಬಂದು ಕೆಲಸ ಶುರು ಮಾಡಿದರು. ತುಕ್ಕು ಹಿಡಿದ ಬೋಲ್ಟನ್ನು ಬಿಚ್ಚುವ ಮೊದಲು ಅವರು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದರು. ತುಕ್ಕು ಅಲ್ಲಿಗೆ ಸಡಿಲವಾಗಿ, ಆಮೇಲೆ ಬೋಲ್ಟು ತಿರುಗುತ್ತಿತ್ತು. "ಬಿಚ್ಚಲು ಕರೆದರೆ ಬಿಗಿ ಮಾಡ್ತೀರಲ್ಲ ಮಾಮ!" ಎಂದು ರೇಗಿದೆ. "ನೀನು ಹೋಗಿ ಚಾ ಕುಡಿ" ಅಂದರು. ನಾನು ಪಾರ್ಕಿಂಗಿಗೂ ನಾಲ್ಕನೇ ಮಹಡಿಗೂ ಎಷ್ಟು ಸಲ ಹತ್ತಿಳಿದೆನೋ, ವಾಚ್‌ಮನ್ "ಸಬ್ ಠೀಕ್ ಹೈ ನಾ ಸಾಬ್?" ಎಂದು ಕೇಳಿಯೇಬಿಟ್ಟ.

ಶನಿವಾರ ಮಧ್ಯಾಹ್ನಕ್ಕೆ ಉಳಿದದ್ದು ಒಂದು ಕಪಾಟಿನ ಎರಡು ಬೋಲ್ಟು. ಮಾಮ ಎಣ್ಣೆ ಬಿಟ್ಟು, "ಇದು ನೆನೆಯಲಿ. ಊಟ ಮಾಡಿ ಬರ್ತೇನೆ, ಮುಟ್ಟಬೇಡ" ಎಂದು ಹೋದರು. ಕಾಲು ಗಂಟೆ ಕಾದೆ. ಅವರ ಡ್ರಿಲ್ ಅಲ್ಲೇ ಇತ್ತು. ಮೊದಲ ಬೋಲ್ಟಿನ ತಲೆ ಹಾರಿತು. ಹುಮ್ಮಸ್ಸಿನಲ್ಲಿ ಎರಡನೆಯದರ ಮೇಲೆ ಮೈಭಾರವನ್ನೆಲ್ಲ ಹಾಕಿದೆ. ಡ್ರಿಲ್ ಜಾರಿ ನೆಲ ತೂರಿ ಕೆಳಗಿಳಿಯಿತು. ಗಾಡಿಯಡಿ ಬಗ್ಗಿ ನೋಡಿದರೆ ಬ್ರೇಕ್ ಪೈಪಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು.

ಮಾಮ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಅಂಗಡಿ ಇಲ್ಲ. ಸೋಮವಾರ ಕಲ್ಯಾಣದಿಂದ ಪೈಪು ತಂದು ಹಾಕಬೇಕು. ಮೇಲೆ ಅಮ್ಮ ತಲೆ ಬಾಚಿಸಿಕೊಂಡು, ಅಕ್ಕನಿಗೆಂದು ತರಿಸಿದ ಹೊಸ ಸೀರೆಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮ ಮುಂದೆ ಹೋಗಿ, "ಅಮ್ಮ, ನನ್ನ ಕೈ ತಪ್ಪಿತು. ಎರಡು ದಿನ ತಡ ಆಗ್ತದೆ" ಅಂದರು. ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಮಂಗಳವಾರ ನಸುಕಿಗೆ ಹೊರಟೆವು. ದಾರಿಯಲ್ಲಿ, ಕಣಕವಲಿ ದಾಟುವಾಗ ಫೋನ್ ಬಂತು. ಆ ಸೀರೆಯನ್ನು ಅಮ್ಮ ಅಕ್ಕನ ಹೆಣಕ್ಕೆ ಹೊದಿಸಿದರು.

ನಾವು ವಾಪಸಾದ ಮೇಲೆ ಒಂದು ಸುಡು ಮಧ್ಯಾಹ್ನ ಮಾಮ ಅಮ್ಮನನ್ನು ನೋಡಲು ಬಂದರು. ನಮ್ಮ ಮನೆಯಲ್ಲಿ ಯಾರು ಹೊಸಿಲು ದಾಟಿದರೂ ಮೊದಲು "ಬಾಯಾರಿಕೆಗೆ ಬೇಕಾ?" ಎಂದು ಕೇಳಿ ಬೆಲ್ಲ ನೀರು ಕೊಡಿಸುವವರು ಅಮ್ಮ. ಅವತ್ತು ಗೋಡೆಯ ಕಡೆ ತಿರುಗಿ ಮಲಗಿದರು. ಅವರು ಹೇಳದೆ ನನ್ನ ಹೆಂಡತಿಯೂ ಏಳಲಿಲ್ಲ. ಮಾಮ ಹತ್ತು ನಿಮಿಷ ಕೂತು, "ಬರ್ತೇನೆ ಅಮ್ಮ" ಎಂದು ಎದ್ದರು.

ಲಿಫ್ಟಿನ ಹತ್ತಿರ ನಾನೆಂದೆ: "ಈಗಲೇ ಹೋಗಿ ಹೇಳಿಬಿಡ್ತೇನೆ ಮಾಮ."

"ಬೇಡ. ಅವರಿಗೆ ಒಂದು ಲೋಟ ನೀರು ಬೇಕಾದರೂ ನಿನ್ನನ್ನೇ ಕರೆಯಬೇಕು. ಮಗನ ಮೇಲೆ ಸಿಟ್ಟಿಟ್ಟುಕೊಂಡು ಹೇಗೆ ಮಲಗುವುದು? ನಾನಾದರೆ ಹೊರಗಿನವ."

ನನಗೆ ಅಷ್ಟೇ ಬೇಕಿತ್ತು. ಎಲ್ಲದಕ್ಕೂ ಅವಸರಪಡುವವನು ಇದೊಂದಕ್ಕೆ ಮೂರು ವರ್ಷ ತೆಗೆದುಕೊಂಡೆ. ಮಾಮ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಕಳೆದ ಮಳೆಗಾಲದಲ್ಲಿ ತೀರಿಹೋದರು. ವಿಠ್ಠಲವಾಡಿಯಲ್ಲಿ ಅವರ ಕಾಲು ಮುಟ್ಟಿ ಬಂದು, ಸ್ನಾನ ಮಾಡಿ, ಅಮ್ಮನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ.

ಅಮ್ಮ ಬೈಯಲಿಲ್ಲ. ಇಷ್ಟೇ ಹೇಳಿದರು:

"ಆ ಬಿಸಿಲಲ್ಲಿ ಬಂದಿದ್ದರು. ಬಾಯಾರಿಕೆಗೆ ಬೇಕಾ ಅಂತ ಕೂಡ ನಾನು ಕೇಳಲಿಲ್ಲ."